ಸೀಗೆ, ಅಂಟುವಾಳ, ದಾಸವಾಳ: ಮಲ್ಲೇಶ್ವರದ ಹಿತ್ತಲಲ್ಲಿ ಯಾವುದು ಬೆಳೆದೀತು?

ನರಕ ಚತುರ್ದಶಿಯ ಹಿಂದಿನ ವಾರ ಮಲ್ಲೇಶ್ವರದ ಎಂಟನೇ ಕ್ರಾಸಿನ ಆಸುಪಾಸಿನ ಗ್ರಂಧಿಗೆ ಅಂಗಡಿಗಳಲ್ಲಿ ಸೀಗೆಕಾಯಿ, ಅಂಟುವಾಳ, ಚಿಗರೆಪುಡಿಗೆ ಗಿರಾಕಿ ಹೆಚ್ಚು. ಎಣ್ಣೆನೀರಿನ ಹಬ್ಬ ಕಳೆಯಿತೆಂದರೆ ಅವು ಮತ್ತೆ ಹಿಂದಿನ ಸಾಲಿಗೆ ಸರಿಯುತ್ತವೆ. ವರ್ಷದ ಉಳಿದ ದಿನಗಳಲ್ಲಿ ಇವನ್ನು ಕೇಳಿಕೊಂಡು ಬರುವವರು ಎರಡು ಬಗೆ. ವಾರದ ಎಣ್ಣೆಸ್ನಾನ ತಪ್ಪಿಸದ ಹಿರಿಯರು ಒಂದು ಕಡೆ. ಶಾಂಪೂ ಹಾಕಿ ನೆತ್ತಿ ಕೆರೆದು ಬೇಸತ್ತವರು, ಪ್ಲಾಸ್ಟಿಕ್ ಬಾಟಲಿ ಮನೆಗೆ ತರಬಾರದೆಂದು ತೀರ್ಮಾನಿಸಿದ ಕಿರಿಯರು ಇನ್ನೊಂದು ಕಡೆ. ಈ ಎರಡನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತಾರೆ: ಕೊಳ್ಳುವುದೇಕೆ, ತಾರಸಿಯ ಮೇಲೆ ಬೆಳೆದುಕೊಂಡರಾಗದೆ?

ಪ್ರಶ್ನೆ ಸರಳ, ಉತ್ತರ ಮಾತ್ರ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ. ತೊಳೆಯುವ ಗಿಡಗಳೆಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಸೀಗೆ, ಅಂಟುವಾಳ, ಚಿಗರೆ, ದಾಸವಾಳ, ಲೋಳೆಸರಗಳ ಕೆಲಸ ಒಂದೇ ಅಲ್ಲ, ಅವು ಕೇಳುವ ಜಾಗವೂ ಒಂದೇ ಅಲ್ಲ. ನೊರೆ ಕೊಡುವ ಗಿಡಗಳಲ್ಲಿ ಹೆಚ್ಚಿನವು ಕಾಡಿನವು. ಕುಂಡದಲ್ಲಿ ಸುಖವಾಗಿ ಬೆಳೆಯುವವುಗಳಲ್ಲಿ ಹೆಚ್ಚಿನವು ನೊರೆ ಕೊಡುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ನರ್ಸರಿಯವರಿಗೆ ಕೊಡುವ ದುಡ್ಡು ಉಳಿಯುತ್ತದೆ.

ನೊರೆಯ ಗುಟ್ಟು ಸ್ಯಾಪೊನಿನ್ ಎಂಬ ವಸ್ತುವಿನದು. ಅದರ ಕಣದ ಒಂದು ಭಾಗ ಸಕ್ಕರೆಯ ಜಾತಿ, ನೀರಿಗೆ ಒಲಿಯುತ್ತದೆ. ಇನ್ನೊಂದು ಭಾಗ ಎಣ್ಣೆಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಜಿಡ್ಡು ನೀರಿನೊಂದಿಗೆ ಹೊರಟುಹೋಗುತ್ತದೆ. ಸೋಪು ಮಾಡುವುದೂ ಇದೇ ಕೆಲಸವನ್ನು, ಆದರೆ ಎರಡು ವ್ಯತ್ಯಾಸಗಳುಂಟು. ಸೋಪಿನ ನೀರು ಕ್ಷಾರ. ಸೀಗೆ, ಅಂಟುವಾಳದ ನೀರು ತುಸು ಹುಳಿ. ಕೂದಲು, ರೇಷ್ಮೆ, ಉಣ್ಣೆ ಮೂರೂ ಪ್ರೋಟೀನಿನಿಂದ ಆದವು, ಕ್ಷಾರ ಅವಕ್ಕೆ ಆಗಿಬರುವುದಿಲ್ಲ. ಇನ್ನೊಂದು, ಗಡಸು ನೀರಿನಲ್ಲಿ ಸೋಪು ಸುಣ್ಣದ ಅಂಶದೊಡನೆ ಸೇರಿ ಬಿಳಿ ಗಸಿಯಾಗುತ್ತದೆ, ಬಕೆಟ್ಟಿನ ಅಂಚಿಗೂ ಕೂದಲಿಗೂ ಅಂಟುತ್ತದೆ. ಸ್ಯಾಪೊನಿನ್‌ಗೆ ಆ ಕಾಟವಿಲ್ಲ. ಕಾವೇರಿ ನೀರು ಬರುವ ದಿನ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. 2024ರ ಬೇಸಗೆಯಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿಗೆ ತಲೆಯೊಡ್ಡಿದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೀಗೆಯಿಂದ ಶುರುಮಾಡೋಣ. ಅಕೇಸಿಯ ಕನ್ಸಿನ್ನ ಎಂದು ಬಹುಕಾಲ ಕರೆಸಿಕೊಂಡು, ಈಗ ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಸೆನೆಗಾಲಿಯ ರುಗೇಟ ಆಗಿರುವ ಇದು ಬಳ್ಳಿ. ಬಳ್ಳಿ ಎಂದಾಕ್ಷಣ ಮಲ್ಲಿಗೆಯಂಥದ್ದನ್ನು ನೆನೆಯಬಾರದು. ಕಾಂಡದ ತುಂಬ ಹಿಂದಕ್ಕೆ ಬಾಗಿದ ಕೊಕ್ಕೆಮುಳ್ಳು. ಪಕ್ಕದ ಮರವನ್ನು ಹಿಡಿದು ತುದಿಯವರೆಗೆ ಹತ್ತುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಮಲೆನಾಡಿನ ತೋಟದಂಚಿನಲ್ಲಿ ದನ ನುಗ್ಗದಂತೆ ಬೇಲಿಗೆ ಹಬ್ಬಿಸಿದರೆ ಅದಕ್ಕೆ ಸರಿಸಾಟಿಯಿಲ್ಲ. ಹುಳಿ ಚಿಗುರನ್ನು ಅಡುಗೆಗೂ ಬಳಸುವುದುಂಟು. ಆದರೆ ಮೂವತ್ತು-ನಲವತ್ತರ ಸೈಟಿನಲ್ಲಿ, ನೆರೆಮನೆಯ ಮಕ್ಕಳು ಚೆಂಡು ಹುಡುಕಿಕೊಂಡು ಬರುವ ಕಾಂಪೌಂಡಿನಲ್ಲಿ, ಇದು ಜಗಳದ ಗಿಡ. ಕುಂಡದಲ್ಲಿಟ್ಟರೆ ಎಲೆ ಬಿಡುತ್ತದೆ, ಮುಳ್ಳೂ ಬಿಡುತ್ತದೆ, ಕಾಯಿಯ ಮಾತು ಎತ್ತುವಂತಿಲ್ಲ. ಸೀಗೆಯ ಸಸಿಯನ್ನು ‘ತಾರಸಿ ತೋಟಕ್ಕೆ’ ಎಂದು ಮಾರುವವರ ಮಾತು ನಂಬಬೇಡಿ.

ಅಂಟುವಾಳದ ತೊಡಕು ಬೇರೆ. ಅದು ಮರ. ಸಪಿಂಡಸ್ ಕುಲದ ಮರಗಳಲ್ಲಿ ದಕ್ಷಿಣದ್ದು ಒಂದು, ಹಿಮಾಲಯದ ತಪ್ಪಲಿನದು ಇನ್ನೊಂದು; ನಮ್ಮದರ ಕಾಯಿ ಮೂರು ಹೋಳು ಕೂಡಿಸಿಟ್ಟ ಹಾಗೆ ಇರುತ್ತದೆ. ಹಳೇ ಮೈಸೂರಿನ ಕಡೆ ಕೂಗಟೆಕಾಯಿ ಎಂದೂ ಹೇಳುತ್ತಾರೆ. ಮುಳ್ಳಿಲ್ಲ, ಒಳ್ಳೆಯ ನೆರಳು, ಬಯಲುಸೀಮೆಯ ಒಣ ಹವೆಗೂ ಹೊಂದಿಕೊಳ್ಳುತ್ತದೆ. ಬೀಜ ಕಪ್ಪಗೆ, ಗುಂಡಗೆ, ಕಲ್ಲಿನಷ್ಟು ಗಟ್ಟಿ. ಸಿಪ್ಪೆ ತೆಗೆದು ಚೂರು ಉಜ್ಜಿ, ಬಿಸಿನೀರಿನಲ್ಲಿ ಒಂದು ದಿನ ನೆನೆಸಿ ಊರಿದರೆ ಕೆಲವು ವಾರಗಳಲ್ಲಿ ಮೊಳಕೆಯೊಡೆಯುತ್ತದೆ. ಆಮೇಲಿನದು ತಾಳ್ಮೆಯ ಬಾಬ್ತು: ಬೀಜದಿಂದ ಬೆಳೆದ ಮರ ಕಾಯಿ ಬಿಡಲು ಹಲವು ವರ್ಷ ಬೇಕು. ಅಷ್ಟರಲ್ಲಿ ಬಾಡಿಗೆದಾರ ಮನೆ ಬದಲಿಸಿರುತ್ತಾನೆ, ಮಾಲೀಕ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿರುತ್ತಾನೆ.

ಚಿಗರೆಯ ಕಥೆ ಬೆಂಗಳೂರಿಗೆ ಇನ್ನೂ ಹತ್ತಿರದ್ದು. ಚುಜ್ಜಲು ಎಂದೂ ಹೆಸರುಳ್ಳ ಈ ಮರ, ಆಲ್ಬಿಜಿಯ ಅಮಾರ, ಸಾವನದುರ್ಗದಂಥ ಕಲ್ಲುಬೆಟ್ಟಗಳ ಕುರುಚಲು ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ. ಇದರ ಕಾಯಲ್ಲ, ಎಲೆಯೇ ಉಪಯೋಗಕ್ಕೆ ಬರುವುದು. ನೆರಳಿನಲ್ಲಿ ಒಣಗಿಸಿ ಪುಡಿಮಾಡಿದರೆ ಹಸಿರುಬಣ್ಣದ ಚಿಗರೆಪುಡಿ. ಹರಳೆಣ್ಣೆಯ ಜಿಡ್ಡನ್ನೂ ತೆಗೆಯುತ್ತದೆ, ಕೂದಲನ್ನು ಸೀಗೆಯಷ್ಟು ಒಣಗಿಸುವುದಿಲ್ಲ, ತಲೆಗೆ ತಂಪೆನ್ನುತ್ತಾರೆ. ಗಡಿಯಾಚೆ ತಮಿಳರು ಅರಪ್ಪು ಎನ್ನುವುದು ಇದನ್ನೇ. ನನ್ನ ಮಟ್ಟಿಗೆ ಮೂರರಲ್ಲಿ ಇದೇ ಉತ್ತಮ, ಮೂರರಲ್ಲಿ ಹೆಚ್ಚು ಮರೆತುಹೋಗಿರುವುದೂ ಇದೇ. ಎಲೆ ಬೇಕಾಗಿರುವುದರಿಂದ ಕಾಯಿಗಾಗಿ ಕಾಯಬೇಕಿಲ್ಲ. ದೊಡ್ಡ ಹಿತ್ತಲಿದ್ದವರು ವರ್ಷಕ್ಕೊಮ್ಮೆ ಸವರಿ ಗಿಡ್ಡವಾಗಿಟ್ಟುಕೊಳ್ಳಬಹುದು. ದೊಡ್ಡ ಹಿತ್ತಲು ಎಲ್ಲಿದೆ ಎಂಬುದೇ ಪ್ರಶ್ನೆ.

ಇತ್ತು, ಒಂದು ಕಾಲಕ್ಕೆ. ಮಲ್ಲೇಶ್ವರ ಬಡಾವಣೆಯಾಗಿ ರೂಪುಗೊಂಡದ್ದು 1890ರ ದಶಕದಲ್ಲಿ. 1898ರ ಪ್ಲೇಗಿಗೆ ಹೆದರಿ ಪೇಟೆಯ ಇಕ್ಕಟ್ಟು ಬಿಟ್ಟು ಬಂದವರಿಗೆ ಬಸವನಗುಡಿಯಂತೆ ಇದೂ ಗಾಳಿ, ಬೆಳಕು, ಅಂಗಳ ಕೊಟ್ಟಿತು. ಇಲ್ಲಿನ ಎರಡು ಮುಖ್ಯ ರಸ್ತೆಗಳಿಗೆ ಸಂಪಿಗೆ ಮತ್ತು ಬೇವಿನ ಹೆಸರಿದೆ. ಮಂಕಿಟಾಪ್ ಮನೆಗಳ ಹಿಂಭಾಗದಲ್ಲಿ ಬಚ್ಚಲು, ಬಚ್ಚಲ ಒಲೆ, ಹಂಡೆ. ಮಿಂದ ನೀರು ಕಲ್ಲುಕಾಲುವೆಯಲ್ಲಿ ಹರಿದು ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ಸೇರುತ್ತಿತ್ತು. ಸೀಗೆಪುಡಿಯ ಚರಟ ಅಲ್ಲಿ ಗೊಬ್ಬರವಾಗುತ್ತಿತ್ತು. ಅದೇ ಪುಡಿಯನ್ನು ಈಗಿನ ಟೈಲ್ಸ್ ಬಾತ್‌ರೂಮಿಗೆ ತಂದು ನೋಡಿ: ಜಾಲರಿ ಕಟ್ಟಿಕೊಳ್ಳುತ್ತದೆ, ಬಿಳಿ ಟವೆಲಿಗೆ ಕಂದು ಕಲೆ, ಪ್ಲಂಬರ್‌ಗೆ ಫೋನು. ಸೀಗೆ ಮನೆಯಿಂದ ಹೊರಬಿದ್ದದ್ದಕ್ಕೆ ಶಾಂಪೂ ಜಾಹೀರಾತುಗಳನ್ನು ಬೈಯುವವರು ಬಹಳ. ಬಚ್ಚಲು ಬಾತ್‌ರೂಮ್ ಆದದ್ದೂ ಅಷ್ಟೇ ದೊಡ್ಡ ಕಾರಣವೆಂದು ನನಗನಿಸುತ್ತದೆ.

ಸೋಪು ಬಂದ ದಾರಿಯೂ ಈ ಬಡಾವಣೆಯ ಪಕ್ಕದಲ್ಲೇ ಹಾದಿದೆ. ಮೊದಲ ಮಹಾಯುದ್ಧದಿಂದ ಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ಹೊರಟಿತು. ಯಶವಂತಪುರದ ದಾರಿಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸಡ್ಬರೊ ಮತ್ತು ವಾಟ್ಸನ್ ಅದರ ಪ್ರಯೋಗ ನಡೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಆಸ್ಥೆಯಿಂದ 1916-18ರ ಹೊತ್ತಿಗೆ ಎಣ್ಣೆಯ ಕಾರ್ಖಾನೆ, ಸೋಪಿನ ಕಾರ್ಖಾನೆ ಎರಡೂ ಎದ್ದವು. ರಸಾಯನಶಾಸ್ತ್ರಜ್ಞ ಎಸ್.ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ವಿದ್ಯೆ ಕಲಿತು ಬಂದು ಮೈಸೂರು ಸ್ಯಾಂಡಲ್ ಸೋಪಿಗೆ ರೂಪ ಕೊಟ್ಟರು. ಇಂದು ಅದರ ಹೆಸರಿನಲ್ಲಿ ಮೆಟ್ರೊ ನಿಲ್ದಾಣವೇ ಇದೆ. ಮೈಗೆ ಸೋಪು ಸೇರಿದ ಮೇಲೂ ತಲೆಗೆ ಸೀಗೆ ಉಳಿಯಿತು, ಇನ್ನೂ ಎರಡು ತಲೆಮಾರು. ಕಡಲೆಹಿಟ್ಟು, ಹೆಸರುಹಿಟ್ಟು ಮಕ್ಕಳ ಮೈಗೆ ಉಳಿದವು. ರೇಷ್ಮೆ ಸೀರೆಗೆ ಮತ್ತು ಅಕ್ಕಸಾಲಿಗರ ಕೈಯಲ್ಲಿ ಚಿನ್ನ-ಬೆಳ್ಳಿಗೆ ಅಂಟುವಾಳ ಈಗಲೂ ಉಳಿದಿದೆ.

ಈ ಕಾಯಿಗಳು ಎಲ್ಲಿಂದ ಬರುತ್ತವೆ ಎಂದು ಕೊಳ್ಳುವವರು ಕೇಳುವುದು ಕಡಿಮೆ. ಬಹುಪಾಲು ಕಾಡಿನಿಂದ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿ, ಪಾಚಿಗಳ ಜೊತೆಗೆ ಸೀಗೆ, ಅಂಟುವಾಳಗಳನ್ನೂ ಆಯ್ದು ತಮ್ಮ ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ಕೊಡುತ್ತಿದ್ದರು. ಆ ಬೆಟ್ಟ ಅಭಯಾರಣ್ಯವಾದದ್ದು 1974ರಲ್ಲಿ. ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ಹಿನ್ನೆಲೆಯಲ್ಲಿ 2006ರ ಹೊತ್ತಿಗೆ ಮಾರಾಟಕ್ಕಾಗಿ ಆಯುವುದನ್ನೇ ನಿಲ್ಲಿಸಲಾಯಿತು. 2011ರಲ್ಲಿ ಅದು ಹುಲಿ ಮೀಸಲು ಪ್ರದೇಶವೂ ಆಯಿತು, ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ರಾಜ್ಯದ ಕಾಡುಗಳ ಕಡತ ಓಡಾಡುವ ಅರಣ್ಯ ಭವನ ಇರುವುದು ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಲ್ಲಿ. ಎಂಟನೇ ಕ್ರಾಸಿನ ಗಿರಾಕಿಗೆ ಅದರ ನೆನಪಾಗುವುದಿಲ್ಲ, ಅಷ್ಟೆ. ಮನೆಯಲ್ಲಿ ಬೆಳೆದುಕೊಂಡರೆ ಕಾಡು ಉಳಿಯುತ್ತದೆ ಎಂಬ ವಾದ ಕೇಳಲು ಚಂದ. ಕೊಂಬೆ ಕಡಿಯದೆ, ಒಂದಷ್ಟು ಕಾಯಿಯನ್ನು ಮರದಲ್ಲೇ ಬಿಟ್ಟು ಆಯುವ ಕಾಡಿನವರಿಗೆ ನ್ಯಾಯವಾದ ಬೆಲೆ ಸಿಕ್ಕರೂ ಕಾಡು ಉಳಿಯುತ್ತದೆ, ಅವರ ಒಲೆಯೂ ಉರಿಯುತ್ತದೆ. ಹಾಗಾಗಿ ಸೀಗೆಕಾಯಿಯನ್ನು ಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹಾಗಾದರೆ ಕುಂಡಕ್ಕೆ ಯಾವುದು? ದಾಸವಾಳ. ಅದೂ ಹಳೆಯ, ಐದೆಸಳಿನ ಕೆಂಪು ದಾಸವಾಳ. ಅಂಗೈಯಗಲದ ಹಳದಿ, ಕೇಸರಿ ಹೂ ಬಿಡುವ ಮಿಶ್ರತಳಿಗಳು ನೋಡಲು ಸೊಗಸು, ಆದರೆ ಎಲೆ ಕಡಿಮೆ, ಕೀಟದ ಕಾಟ ಜಾಸ್ತಿ, ಔಷಧಿ ಹೊಡೆಸಿಕೊಂಡೇ ನರ್ಸರಿಯಿಂದ ಬಂದಿರುತ್ತವೆ. ಹಳೆಯ ಗಿಡಕ್ಕೆ ನರ್ಸರಿಯೂ ಬೇಡ. ಮಳೆಗಾಲದ ಆರಂಭದಲ್ಲಿ ಪೆನ್ಸಿಲ್ ದಪ್ಪದ, ಒಂದು ಗೇಣುದ್ದದ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ, ಮೇಲಿನ ಎರಡೆಲೆ ಬಿಟ್ಟು ಉಳಿದದ್ದನ್ನು ತೆಗೆದು, ಮರಳು ಬೆರೆತ ಮಣ್ಣಿಗೆ ಚುಚ್ಚಿ ನೆರಳಲ್ಲಿಟ್ಟರೆ ಬೇರು ಬಿಡುತ್ತದೆ. ಬೇರೂರಿದ ಮೇಲೆ ಒಂದೂವರೆ ಅಡಿ ಅಗಲದ ಕುಂಡ, ಬಿಸಿಲು ಬೀಳುವ ಮೂಲೆ, ಕೆಂಪುಮಣ್ಣು, ಮರಳು, ಹಟ್ಟಿಗೊಬ್ಬರ. ನೀರು ನಿಲ್ಲಬಾರದು, ಒಣಗಲೂ ಬಾರದು. ವರ್ಷಕ್ಕೊಮ್ಮೆ ಧಾರಾಳವಾಗಿ ಸವರಿ, ಸವರಿದಷ್ಟೂ ಚಿಗುರು. ದೇವರ ಪೂಜೆಗೆ ಹೂ, ತಲೆಗೆ ಎಲೆ.

ಎಲೆ ಬಳಸುವುದು ಸುಲಭ. ಬಲಿತ, ಆದರೆ ಹಣ್ಣಾಗದ ಎಲೆ ಎರಡು ಹಿಡಿ ತೊಳೆದು, ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಕೈಯಲ್ಲಿ ಕಿವುಚಿದರೆ ಹಸಿರು ಲೋಳೆ ಬರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ ನೆತ್ತಿಗೆ ಹಚ್ಚಿ ತೊಳೆಯುವುದು. ಮಲೆನಾಡು, ಕರಾವಳಿಯಲ್ಲಿ ಇದು ಹಳೆಯ ರೂಢಿ. ಕಾಸರಗೋಡಿನ ಕನ್ನಡದ ಮನೆಗಳ ನೆರೆಯ ಮಲಯಾಳಿಗಳು ಇದನ್ನು ತಾಳಿ ಎನ್ನುತ್ತಾರೆ. ಮಿಕ್ಸಿಯಲ್ಲಿ ನುಣ್ಣಗೆ ರುಬ್ಬುವವರು ಆಮೇಲೆ ಕೂದಲಿನಿಂದ ಎಲೆಯ ಚೂರು ಹೆಕ್ಕುತ್ತ ಕೂರಬೇಕಾಗುತ್ತದೆ, ಕಿವುಚುವುದೇ ಲೇಸು. ಒಂದನ್ನು ಮಾತ್ರ ನೆನಪಿಡಬೇಕು: ದಾಸವಾಳದ ಲೋಳೆ ನುಣುಪು ಕೊಡುತ್ತದೆ, ದಿನದ ಧೂಳು-ಬೆವರು ತೆಗೆಯುತ್ತದೆ, ಬಟ್ಟಲು ಹರಳೆಣ್ಣೆ ತಿಕ್ಕಿದ ತಲೆಗೆ ಅದು ಸಾಲದು. ಆ ದಿನ ಸೀಗೆಯೋ ಚಿಗರೆಯೋ ಬೇಕೇಬೇಕು, ಲೋಳೆಯನ್ನು ಅದರೊಂದಿಗೆ ಕಲಸಿಕೊಳ್ಳಬಹುದು.

ಲೋಳೆಸರವನ್ನು ಈ ಪಟ್ಟಿಗೆ ಸೇರಿಸುವುದು ಅಭ್ಯಾಸಬಲ. ಅದು ತೊಳೆಯುವ ಗಿಡವಲ್ಲ, ತಂಪು ಮಾಡುವ ಗಿಡ. ಎಲೆ ಕತ್ತರಿಸಿದಾಗ ಇಳಿಯುವ ಹಳದಿ ಹಾಲು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ; ಎಲೆಯನ್ನು ನೆಟ್ಟಗೆ ನಿಲ್ಲಿಸಿ ಅದು ಸೋರಿದ ಮೇಲೆಯೇ ತಿರುಳು ತೆಗೆಯಬೇಕು. ಕುಂಡದಲ್ಲಿ ಕಳೆಯಾಗಿ ಏಳುವ ಗರುಗ ಎಣ್ಣೆ ಕಾಯಿಸಲು ಸರಿ. ತಾರಸಿಯವರು ಗಮನಿಸದ ಒಳ್ಳೆಯ ಗಿಡವೆಂದರೆ ಲಾವಂಚ. ಎತ್ತರದ ಡ್ರಮ್ಮಿನಲ್ಲೋ ಮಣ್ಣು ತುಂಬಿದ ಚೀಲದಲ್ಲೋ ನೆಟ್ಟು ಒಂದೂವರೆ ವರ್ಷ ಬಿಟ್ಟರೆ, ಕಿತ್ತಾಗ ಸಿಗುವ ಬೇರಿನ ಜೊಂಪೆ ಮೈ ತಿಕ್ಕಲು ಪ್ಲಾಸ್ಟಿಕ್ ಸ್ಕ್ರಬ್ಬರಿಗಿಂತ ಎಷ್ಟೋ ಮೇಲು, ಸ್ನಾನದ ಪುಡಿಗೆ ಪರಿಮಳವೂ ಆಯಿತು. ಕಚೋರ, ಕಸ್ತೂರಿ ಅರಿಶಿನಗಳೂ ಅರೆನೆರಳಿನ ಕುಂಡದಲ್ಲಿ ತಕರಾರಿಲ್ಲದೆ ಬರುತ್ತವೆ. 1993ರಲ್ಲಿ ಶುರುವಾದ, ಯಲಹಂಕದ ಬಳಿಯಿರುವ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಮನೆಯಂಗಳದ ಮೂಲಿಕಾ ತೋಟಗಳನ್ನು ಹಳ್ಳಿಹಳ್ಳಿಗೆ ಒಯ್ದದ್ದು ಇಂಥ ಸುಲಭದ ಗಿಡಗಳನ್ನು ನೆಚ್ಚಿಯೇ.

ಸೀಗೆಪುಡಿಯನ್ನು ಮನೆಯಲ್ಲಿ ಮಾಡಿಸುವವರಿಗೆ ಎರಡು ಮಾತು. ಪುಡಿ ಕೊಳ್ಳಬೇಡಿ, ಕಾಯಿ ಕೊಳ್ಳಿ. ಪುಡಿಯಲ್ಲಿ ಏನು ಬೆರೆತಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಕಾಯಿ ಕೆಂಪುಗಂದು ಬಣ್ಣದ್ದಾಗಿ, ಹುಳದ ತೂತಿಲ್ಲದೆ ಇರಲಿ. ಒಂದು ಕಿಲೊ ಸೀಗೆಗೆ ಕಾಲು ಕಿಲೊ ಮೆಂತ್ಯ, ಕಾಲು ಕಿಲೊ ಹೆಸರುಕಾಳು, ಬೀಜ ತೆಗೆದ ಅಂಟುವಾಳ ಒಂದು ಹಿಡಿ, ಒಣಗಿಸಿದ ದಾಸವಾಳದ ಹೂ-ಎಲೆ, ಕಿತ್ತಳೆ ಸಿಪ್ಪೆ, ಸಿಕ್ಕರೆ ಚಿಗರೆ. ಮನೆಮನೆಗೂ ಲೆಕ್ಕ ಬೇರೆ, ಇದರಲ್ಲಿ ಶಾಸ್ತ್ರವೇನಿಲ್ಲ. ಎಲ್ಲವೂ ಕಟಕಟ ಎನ್ನುವಷ್ಟು ಒಣಗಬೇಕು. ಗಿರಣಿಯವರು ಅಕ್ಕಿ-ರಾಗಿಯ ಯಂತ್ರಕ್ಕೆ ಇದನ್ನು ಹಾಕುವುದಿಲ್ಲ, ಮುಂದಿನವರ ಹಿಟ್ಟು ಕಹಿಯಾಗುತ್ತದೆ, ಬೀಸುವವರಿಗೆ ಸೀನು ಹಿಡಿಯುತ್ತದೆ. ಬೇರೆ ಯಂತ್ರವಿರುವ ಗಿರಣಿಯನ್ನು ಕೇಳಿಕೊಂಡು ಹೋಗುವುದು ಒಳಿತು. ಅಪಾರ್ಟ್‌ಮೆಂಟಿನವರು ಪುಡಿಯ ಗೊಡವೆಯನ್ನೇ ಬಿಟ್ಟು, ನಾಲ್ಕಾರು ಕಾಯಿ ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿಸಿ ಸೋಸಿದ ಕಷಾಯವನ್ನು ಬಳಸಿದರೆ ಜಾಲರಿಯೂ ಕಟ್ಟುವುದಿಲ್ಲ, ತೊಳೆಯಲು ನೀರೂ ಅರ್ಧ ಸಾಕು. ಗಂಜಿತಿಳಿ ಬೆರೆಸಿದರೆ ಒರಟುತನ ಕಡಿಮೆಯಾಗುತ್ತದೆ. ಕೂದಲು ಕಪ್ಪಾಗುವುದೆಂದೂ ಬೋಳಿನಲ್ಲಿ ಹುಟ್ಟುವುದೆಂದೂ ನಂಬಿ ಮಾತ್ರ ಹೊರಡಬೇಡಿ. ಸೀಗೆ ತೊಳೆಯುತ್ತದೆ, ಅದೇ ಅದರ ಕಸುಬು.

ರೇಷ್ಮೆಗೆ ಅಂಟುವಾಳ. ಹತ್ತು ಹನ್ನೆರಡು ಕಾಯಿ ಒಡೆದು ಬೀಜ ತೆಗೆದು, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಹಿಂಡಿ ಸೋಸಿ. ತಣ್ಣೀರಿಗೆ ಬೆರೆಸಿ ನೊರೆ ಎಬ್ಬಿಸಿ, ಸೀರೆಯನ್ನು ಐದೇ ನಿಮಿಷ ಅದ್ದಿ, ಉಜ್ಜದೆ, ಹಿಂಡದೆ ಜಾಲಿಸಿ ನೆರಳಲ್ಲಿ ಒಣಗಿಸುವುದು. ಅಂಚಿನ ಬಣ್ಣ ಬಿಡುವ ಸೀರೆಯೋ ಎಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಈ ನೀರು ಎರಡು ಮೂರು ದಿನಕ್ಕೆ ಹುಳಿತು ನಾರುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಇನ್ನಷ್ಟು ದಿನ ಬಾಳುತ್ತದೆ. ಇದು ನಮ್ಮವರದೇ ಜಾಣತನವೆಂದು ಬೀಗಬೇಕಿಲ್ಲ. ಯೂರೋಪಿನಲ್ಲಿ ಸಪೋನೇರಿಯಾ ಎಂಬ ತಿಳಿಗುಲಾಬಿ ಹೂವಿನ ಪುಟ್ಟ ಗಿಡದ ಬೇರು-ಎಲೆಗಳಿಂದ ಇದೇ ಕೆಲಸ ತೆಗೆಯುತ್ತಿದ್ದರು. ಇಂಗ್ಲೆಂಡಿನ ಅಪ್‌ಪಾರ್ಕ್ ಬಂಗಲೆಯ ಶಿಥಿಲವಾಗಿದ್ದ ಹಳೆಯ ರೇಷ್ಮೆ ಪರದೆಗಳನ್ನು 1930ರ ದಶಕದಲ್ಲಿ ಮನೆಯೊಡತಿ ಅದರ ನೊರೆಯಲ್ಲೇ ತೊಳೆದು ಉಳಿಸಿಕೊಂಡಳು.

ತೋಟಕ್ಕೂ ಅಂಟುವಾಳದ ಉಪಕಾರವಿದೆ. ದಾಸವಾಳದ ದೊಡ್ಡ ಶತ್ರು ಹಿಟ್ಟುತಿಗಣೆ. ಚಿಗುರಿನ ಕಂಕುಳಲ್ಲಿ ಹತ್ತಿಯಂತೆ ಕೂರುತ್ತದೆ, ಇರುವೆಗಳು ಅದನ್ನು ಕೊಂಬೆಯಿಂದ ಕೊಂಬೆಗೆ ಹೊತ್ತು ಹಬ್ಬಿಸುತ್ತವೆ. ಬೇವಿನೆಣ್ಣೆ ಹೊಡೆಯಿರಿ ಎನ್ನುವವರೆಲ್ಲ ಎಣ್ಣೆ ನೀರಿಗೆ ಸೇರುವುದು ಹೇಗೆಂದು ಹೇಳುವುದಿಲ್ಲ. ಅಂಟುವಾಳದ ನೀರಿಗೆ ಒಂದು ಚಮಚ ಬೇವಿನೆಣ್ಣೆ ಹಾಕಿ ಕಡೆದರೆ ಹಾಲಿನಂತೆ ಬೆರೆಯುತ್ತದೆ, ಎಲೆಗೂ ಅಂಟಿ ನಿಲ್ಲುತ್ತದೆ. ಸಂಜೆ ಹೊತ್ತು, ಎಲೆಯಡಿಗೆ ಬೀಳುವಂತೆ ಹೊಡೆಯಬೇಕು. ಎಲೆಯನ್ನು ತಲೆಗೆ ಬಳಸುವ ಗಿಡಕ್ಕೆ ಇದಕ್ಕಿಂತ ಮಿಗಿಲಾದ ಔಷಧಿ ನನಗೆ ತಿಳಿದಿಲ್ಲ.

ಎಚ್ಚರಿಕೆಯೂ ಬೇಕು. ಕಣ್ಣಿಗೆ ಬಿದ್ದ ಸೀಗೆಪುಡಿಯ ಉರಿಯನ್ನು ಹಬ್ಬದ ಬೆಳಗಿನಲ್ಲಿ ಅತ್ತ ಪ್ರತಿಯೊಬ್ಬರೂ ಬಲ್ಲರು. ಅಂಟುವಾಳದ್ದು ಅದಕ್ಕಿಂತ ಜೋರು, ಕೂಸುಗಳ ತಲೆಗೆ ಬೇಡ. ಸ್ಯಾಪೊನಿನ್ ಮೀನಿನ ಕಿವಿರಿಗೆ ವಿಷ. ಹಲವು ನಾಡುಗಳಲ್ಲಿ ನೊರೆಗಾಯಿ ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುತ್ತಿದ್ದುದು ಇದನ್ನು ನೆಚ್ಚಿಯೇ. ತಾರಸಿಯಲ್ಲಿ ತಾವರೆಯ ತೊಟ್ಟಿಯಿಟ್ಟು ಗಪ್ಪಿ ಮೀನು ಬಿಟ್ಟವರು ಈ ನೀರನ್ನು ಅತ್ತ ಹರಿಯಗೊಡಬಾರದು. ‘ಗಿಡಮೂಲಿಕೆ, ಏನೂ ಆಗುವುದಿಲ್ಲ’ ಎಂಬ ಮಾತು ಇಲ್ಲಿ ನಡೆಯದು.

ಲೆಕ್ಕ ಹಾಕಿದರೆ ನಮ್ಮ ತಾರಸಿಗೆ ದಾಸವಾಳ ಮತ್ತು ಲಾವಂಚ, ಅಂಗಡಿಯಿಂದ ಸೀಗೆ. ಅಂಟುವಾಳ ಮತ್ತು ಚಿಗರೆಗಳ ಜಾಗ ಮನೆಯಲ್ಲ, ಸಾರ್ವಜನಿಕ ನೆಲ. ಮಲ್ಲೇಶ್ವರದಲ್ಲಿ ಉದ್ಯಾನಗಳಿವೆ, ಶಾಲೆಯ ಮೈದಾನಗಳಿವೆ, ಕಾಡು ಮಲ್ಲೇಶ್ವರನ ಗುಡಿಯ ಸುತ್ತಿನ ನೆರಳಿದೆ, ಸ್ಯಾಂಕಿ ಕೆರೆಯ ದಂಡೆಯಿದೆ (ಕಾಯಿ ನೀರಿಗೆ ಬೀಳದಷ್ಟು ದೂರದಲ್ಲಿ), ಮರದ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಹದಿನೆಂಟನೇ ಕ್ರಾಸಿನಲ್ಲೇ ಇದೆ. ವಸಂತದಲ್ಲಿ ಹದಿನೈದು ದಿನ ಗುಲಾಬಿ ಬಣ್ಣ ತೋರಿಸುವ ಹೊರನಾಡಿನ ಮರಗಳನ್ನು ಸಾಲುಸಾಲಾಗಿ ನೆಟ್ಟವರು ನಾವು. ಮುಂದಿನ ಮಳೆಗಾಲ ವಾರ್ಡಿನಲ್ಲಿ ಸಸಿ ನೆಡುವ ಪಟ್ಟಿ ತಯಾರಾಗುವಾಗ ಅದರಲ್ಲಿ ಅಂಟುವಾಳ ಮತ್ತು ಚಿಗರೆಯ ಹೆಸರು ಇದೆಯೇ ಎಂದು ನಿವಾಸಿಗಳ ಸಂಘದವರು ಒಮ್ಮೆ ನೋಡಲಿ, ಇಲ್ಲದಿದ್ದರೆ ಬರೆಸಲಿ.